ಕರುವಿನ ಕೊರಳ ತೂತುಕಾಸು

ಹಳೆಯ ನಾಣ್ಯಗಳ ವಿಷಯದಲ್ಲಿ ನಾನು ಬಲು ಕಟ್ಟುನಿಟ್ಟು. ಕೈಗವಸಿಲ್ಲದೆ ಮುಟ್ಟಬಾರದು, ಉಜ್ಜಿ ತೊಳೆಯಲೇಬಾರದು. ನನ್ನ ಸಂಗ್ರಹದಲ್ಲಿ ಇಲ್ಲದ್ದೆಂದರೆ ನಡುವೆ ತೂತಿರುವ ತಾಮ್ರದ ಕಾಸು, ಅದೂ ಗೀರಿಲ್ಲದ್ದು. ಕೆಲಸದ ಮೇಲೆ ಪಾವಗಡದ ಕಡೆ ಹೋದಾಗ ಕ್ಯಾತಗಾನಚೆರ್ಲಿನ ಒಂದು ಮನೆಯಂಗಳದಲ್ಲಿ ಅದು ಓಡಾಡುತ್ತಿತ್ತು! ಎಳೆಗರುವಿನ ಕೊರಳಲ್ಲಿ, ಕರಿದಾರಕ್ಕೆ ಪೋಣಿಸಿಕೊಂಡು.

ಬಿಳಿ ಕೈಗವಸು ತೊಟ್ಟು, ಭೂತಗನ್ನಡಿ ಹಿಡಿದು ಬೆನ್ನುಹತ್ತಿದೆ. ಕರು ಬಣವೆಗೆ ಮೂರು ಸುತ್ತು ಹಾಕಿತು, ನಾನೂ ಹಾಕಿದೆ. ಜಗಲಿಯ ಮೇಲಿದ್ದ ಅಜ್ಜಿ ಬಿದ್ದು ಬಿದ್ದು ನಕ್ಕರು. "ದನದ ಡಾಕ್ಟ್ರಾ ಸ್ವಾಮಿ? ಸೂಜಿ ಹಾಕ್ತೀರಾ?"

ಕೊನೆಗೂ ಹಿಡಿದು ನೋಡಿದೆ. ಒಂದು ಗೀರಿಲ್ಲ, ಎಂಥ ನುಣುಪು! "ಯಾವುದರಲ್ಲಿ ತೊಳೀತೀರಮ್ಮ?" ಎಂದೆ.

"ನಾವ್ಯಾಕೆ ತೊಳ್ಯಾನ? ಅದ್ರವ್ವ ದಿನಾ ಎಲ್ಡೊತ್ತೂ ನೆಕ್ತಾಳೆ."

"ಇದನ್ನ ನನಗೆ ಕೊಡ್ತೀರಾ?"

"ದಾರ ಬಿಚ್ಚಿದ್ರೆ ಕರೂಗೆ ದಿಷ್ಟಿ ತಾಕ್ತದೆ. ಬೇಕಾದ್ರೆ ಕರೂನೇ ಹೊಡ್ಕಂಡೋಗಿ!"

ಅದು ತಮಾಷೆಯ ಮಾತೆಂದು ಈಗ ಗೊತ್ತಾಗುತ್ತದೆ. ಆಗ ಮಾತ್ರ, ತುಮಕೂರಿನಲ್ಲಿ ಮೂರನೇ ಮಹಡಿಯ ಮನೆಯಲ್ಲಿರುವ ನಾನು, ಕರು ಮೆಟ್ಟಿಲು ಹತ್ತುತ್ತದೆಯೇ ಎಂದು ಗಂಭೀರವಾಗಿಯೇ ಕೇಳಿದ್ದೆ.