ಗುಂಡು ಹಾರಿಸದ ಧರಣೇಂದ್ರ

ತೇರದಾಳದಲ್ಲಿ ಧರಣೇಂದ್ರನ ಹೆಸರೆತ್ತಿದರೆ ಜನ ಮೊದಲು ಅನ್ನುವ ಮಾತು, 'ಇರುವೆಗೂ ನೋವು ಮಾಡದ ಮನುಷ್ಯ' ಎಂದು. ಈ ಹೆಸರನ್ನು ಅವನು ಇಸ್ತ್ರಿ ಅಂಗಿಯ ಹಾಗೆ ಜೋಪಾನ ಮಾಡಿಕೊಂಡು ಬಂದಿದ್ದ. ಬನಹಟ್ಟಿಯ ಒಂದು ಪತ್ತಿನ ಸಂಘದಲ್ಲಿ ಗುಮಾಸ್ತನಾಗಿ ಕುಳಿತು ಕೂದಲು ನರೆಸಿಕೊಂಡವನು, ಯಾರ ಮೇಲೂ ದನಿ ಎತ್ತಿದವನಲ್ಲ. ಬೇರೆಯವರು ಜಗಳಾಡುತ್ತಿದ್ದರೆ ಇಬ್ಬರ ಮಾತಿಗೂ ತಲೆಯಾಡಿಸುತ್ತಿದ್ದ. ಮನೆಯಲ್ಲೂ ಅಷ್ಟೇ. ಹೆಂಡತಿ ಹೀರಾ ಮತ್ತು ಗೋಡೆಯಾಚೆ ಇರುವ ತಮ್ಮನ ಹೆಂಡತಿ ಮಾಲಾ ಒಂದು ಯುಗಾದಿಯಂದು ಮುನಿಸಿಕೊಂಡು ಮಾತು ಬಿಟ್ಟು ವರ್ಷಗಳೇ ಆಗಿದ್ದವು. ಇವನು ಮಾತ್ರ ಎರಡೂ ಮನೆಯಲ್ಲಿ ಉಂಡು, ಎರಡೂ ಮನೆಯಲ್ಲಿ ಹೊಗಳಿ, ಸುಖವಾಗಿದ್ದ.

ಇಂಥ ಸಾಧುವಿನ ಕೈಗೆ ಬಂದೂಕು ಬಂತು. ಫೋನಿನ ಗಾಜು ಹಾಕಿಸಲು ಜಮಖಂಡಿಗೆ ಹೋದವನು, ಅಂಗಡಿಯಲ್ಲಿ ಕಾಯಲು ಬೇಸರವಾಗಿ, ಅಲ್ಲಿದ್ದ ಅಂಗೈಯಗಲದ ವಿಡಿಯೋ ಗೇಮೊಂದನ್ನು ಕೈಗೆತ್ತಿಕೊಂಡ. ಎರಡೂ ಬದಿಗೆ ಗುಂಡಿಗಳು, ನಡುವೆ ಪರದೆ. ಒಳಗೆ ಮೂವತ್ತು ವರ್ಷದ ಹಿಂದಿನ ಆಟ. ಪರದೆಯ ತಳದಲ್ಲಿ ಬಂದೂಕಿನ ಮೂತಿಯಷ್ಟೇ ಕಾಣುತ್ತದೆ, ಅದನ್ನು ಹಿಡಿದವನು ನೀನೇ ಎಂದುಕೊಳ್ಳಬೇಕು. ಕತ್ತಲೆಯ ಓಣಿಗಳು, ಬಾಗಿಲು ತೆರೆದರೆ ರಾಕ್ಷಸರು. ಫೋನು ತಯಾರಾಗಿ ಅರ್ಧ ತಾಸಾದರೂ ಧರಣೇಂದ್ರ ಎದ್ದೇಳಲಿಲ್ಲ. ಕೊನೆಗೆ ಅದನ್ನೂ ಕೊಂಡುಕೊಂಡೇ ಬಸ್ಸು ಹತ್ತಿದ.

ಅಂದಿನಿಂದ ಹಗಲು ಗುಮಾಸ್ತ, ಸಂಜೆ ಸಿಪಾಯಿ. ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವ ಜೈನರ ಮನೆ. ಆಮೇಲೆ ಅವನಿಗೆ ಬೇಕಾದಷ್ಟು ಪುರುಸೊತ್ತು. ಕುಡಿಯುವ ನೀರನ್ನು ಬಟ್ಟೆಯಲ್ಲಿ ಸೋಸಿ ಕಾಣದ ಜೀವಗಳನ್ನು ಉಳಿಸುವ ಹೀರಾಗೆ, ಪಕ್ಕದಲ್ಲೇ ಗಂಡ ಢಮಢಮ ಸುಡುವ ಸದ್ದು ಕೇಳಿ ಮೈ ಉರಿಯುತ್ತಿತ್ತು.

ಜೈನರ ಹತ್ತು ದಿನದ ವ್ರತ, ದಶಲಕ್ಷಣ ಪರ್ವ ಬಂತು. ಬಸದಿಯಲ್ಲಿ ಮುನಿ ಮಹಾರಾಜರ ಮುಂದೆ ಒಬ್ಬೊಬ್ಬರಾಗಿ ನಿಯಮ ತೆಗೆದುಕೊಳ್ಳುತ್ತಿದ್ದರು. ಒಬ್ಬರು ಸಿಹಿ ಬಿಟ್ಟರು, ಒಬ್ಬರು ಟಿವಿ ಬಿಟ್ಟರು. ಹೀರಾ ಗಂಡನ ಪಕ್ಕೆ ತಿವಿದಳು. "ಏಳ್ರಿ, ಆ ಆಟ ಬಿಡ್ತೇನಿ ಅನ್ರಿ."

ಧರಣೇಂದ್ರ ಎದ್ದು ಕೈಮುಗಿದ. ಆಟ ಬಿಡಲು ಜೀವ ಒಪ್ಪದು, ಹೆಸರು ಕೆಡಿಸಿಕೊಳ್ಳಲೂ ಮನಸ್ಸಿಲ್ಲ. "ಪರ್ವ ಮುಗಿಯೂ ತನಕ ಆಟದಾಗ ಸೈತ ಒಂದ್ ಜೀವ ತಗಿಯಂಗಿಲ್ರಿ, ಮಹಾರಾಜ್ರ," ಎಂದ.

ಯಾವ ಆಟವೆಂದು ಮಹಾರಾಜರಿಗೇನು ಗೊತ್ತು, ಆಶೀರ್ವಾದ ಮಾಡಿದರು. ಸುತ್ತಲಿದ್ದವರು ಭೇಷ್ ಎಂದು ತಲೆದೂಗಿದರು. ಇನ್ನು ಒಂದು ಗುಂಡು ಹಾರಿದರೂ ಇಷ್ಟು ವರ್ಷದ ಹೆಸರು ಮಣ್ಣುಪಾಲು.

ಕೊಲ್ಲದೆ ಆಡುವುದು ಬಹಳ ಕಷ್ಟದ ಕೆಲಸ. ಧರಣೇಂದ್ರ ರಾಕ್ಷಸರ ಕಾಲಸಂದಿಯಲ್ಲಿ ನುಸುಳಿದ, ಕಂಬಗಳ ಹಿಂದೆ ಅಡಗಿದ, ಬೆನ್ನು ತೋರಿಸಿ ಓಡಿದ. ತಾನು ಸಾಯಬಾರದು ಎಂದು ನಿಯಮದಲ್ಲಿ ಇರಲಿಲ್ಲವಾದ್ದರಿಂದ ಧಾರಾಳವಾಗಿ ಸತ್ತ. ಕೊನೆಯ ಪಡಸಾಲೆಗೆ ಬಂದಾಗ ಮಾತ್ರ ದಾರಿ ಕಟ್ಟಿತು. ಇಬ್ಬರು ದೊಡ್ಡ ರಾಕ್ಷಸರು ಬಾಗಿಲು ಕಾಯುತ್ತಿದ್ದರು, ಹೆಜ್ಜೆ ಇಟ್ಟರೆ ಇಬ್ಬರೂ ಒಟ್ಟಿಗೇ ಮೇಲೆ ಬೀಳುತ್ತಿದ್ದರು.

ಪರ್ವದ ಕೊನೆಯ ಸಂಜೆ ಗಾಬರಿಯಲ್ಲಿ ಇಬ್ಬರ ನಡುವೆ ಹೋಗಿ ನಿಂತುಬಿಟ್ಟ. ಒಂದು ರಾಕ್ಷಸ ಬೆಂಕಿಯುಂಡೆ ಎಸೆಯಿತು. ಇವನು ಪಕ್ಕಕ್ಕೆ ಸರಿದ. ಉಂಡೆ ಹೋಗಿ ಇನ್ನೊಂದಕ್ಕೆ ಬಡಿಯಿತು. ಪೆಟ್ಟು ತಿಂದದ್ದು ಇವನನ್ನು ಮರೆತು ಉಂಡೆ ಎಸೆದದ್ದರ ಮೇಲೆ ಹರಿಹಾಯ್ದಿತು. ಎರಡೂ ಕಚ್ಚಾಡುತ್ತಿರುವಾಗ ಧರಣೇಂದ್ರ ಬಾಗಿಲು ದಾಟಿದ. ಹಿಂದೆ ಒಂದು ಧೊಪ್ಪೆಂದು ಸತ್ತುಬಿತ್ತು. ಇವನ ಬಂದೂಕಿನ ಗುಂಡು ಒಂದೂ ಕಡಿಮೆಯಾಗಿರಲಿಲ್ಲ.

"ಹೀರಾ! ಗೆದ್ನಿ, ಬಾ ಇಲ್ಲೆ!" ಎಂದು ಕೂಗಿ, ಅದೇ ಪಡಸಾಲೆಯನ್ನು ಅವಳೆದುರು ಇನ್ನೊಮ್ಮೆ ಆಡಿ ತೋರಿಸಿದ. ರಾಕ್ಷಸ ಬಿದ್ದಾಗ ತೊಡೆ ತಟ್ಟಿದ.

"ಅದನ್ನ ಕೊಂದಿದ್ದ ಯಾರ್ರಿ?" ಹೀರಾ ಕೇಳಿದಳು.

"ಅದರ ಗೆಳ್ಯಾ. ನಾ ಬರೇ ನಡುವ ನಿಂತು ಬಾಜೂಕ ಸರದ್ನಿ."

"ಮಾಡಿದ್ದಷ್ಟ ಅಲ್ಲ, ಮಾಡಿಸಿದ್ದೂ ಪಾಪ, ನೋಡಿ ಖುಷಿ ಪಟ್ಟಿದ್ದೂ ಪಾಪ. ಮೊನ್ನೆ ಮಹಾರಾಜ್ರು ಹೇಳಿದ್ರು. ನೀವು ಮುಂದಿನ ಸಾಲಿನ್ಯಾಗ ಕುಂತು ಹೌದ್ ಹೌದ್ ಅನ್ನಾಕತ್ತಿದ್ರಿ."

"ಅವು ಗೊಂಬಿ ಬಿಡ."

ಹೀರಾ ಪರದೆಯಲ್ಲಿ ಸತ್ತುಬಿದ್ದ ರಾಕ್ಷಸನತ್ತ ಬೆರಳು ತೋರಿಸಿದಳು. "ನಾನೂ ಮಾಲಾನೂ ಗೊಂಬಿ ಏನ್ರಿ? ನಾವ್ ಕೂಡಿದ್ದಾಗ ಇಬ್ಬರೂ ನಿಮ್ಮ ಮ್ಯಾಲ ಬರ್ತಿದ್ವಿ, ಅದ್ಯಾಕ ತರಲಿಲ್ಲ, ಇದ್ಯಾಕ ಮರತ್ರಿ ಅಂತ. ನಾವ್ ಮಾತ ಬಿಟ್ಟ ಮ್ಯಾಲ ನಿಮಗ ಆರಾಮಾತು. ಯುಗಾದಿಗೆ ಆಕಿಗೆ ಹೋಳಿಗಿ ಕಳಿಸಿದ್ನಲ್ಲ, 'ನಾಯೀನೂ ಮೂಸೂದಿಲ್ಲ' ಅಂತ ಖರೇನ ಅಂದಿದ್ಳನು?"

ಧರಣೇಂದ್ರ ಆಟವನ್ನು ಕೆಳಗಿಟ್ಟ. ಹೂರಣ ಒಂದಿಷ್ಟು ಸಪ್ಪಗಾಗಿದೆ ಎಂದಷ್ಟೇ ಮಾಲಾ ಅಂದಿದ್ದಳು. ಉಳಿದದ್ದು ಇವನದೇ ಒಗ್ಗರಣೆ. ಹೀರಾಳ ಉತ್ತರವನ್ನು ಗೋಡೆಯಾಚೆ ಮುಟ್ಟಿಸುವಾಗಲೂ ಹಾಗೇ ಮಾಡಿದ್ದ. ಕೆಟ್ಟ ಮಾತು ತನ್ನದಲ್ಲ, ತಾನು ತಂದವನಷ್ಟೇ ಎಂದು ಅವತ್ತು ನೆಮ್ಮದಿಯಿಂದ ನಿದ್ದೆ ಮಾಡಿದ್ದು ನೆನಪಾಗಿ ಅವನಿಗೆ ನಿಜಕ್ಕೂ ನಾಚಿಕೆಯಾಯಿತು.

ಪರ್ವ ಮುಗಿದ ಮೇಲೆ ಕ್ಷಮಾವಳಿ. ಮನೆಮನೆಗೆ ಹೋಗಿ ಕ್ಷಮೆ ಕೇಳುವ ದಿನ. ಪ್ರತಿ ವರ್ಷ ಧರಣೇಂದ್ರ ನಗುನಗುತ್ತ 'ಉತ್ತಮ ಕ್ಷಮಾ' ಎಂದು ಕೈಮುಗಿದು ಮುಂದಿನ ಮನೆಗೆ ನಡೆಯುತ್ತಿದ್ದ. ಈ ಸಲ ಮಾಲಾಳ ಕಟ್ಟೆಯ ಕೆಳಗೆ ನಿಂತು, "ಯುಗಾದಿ ದಿನ ಹೀರಾ ನಿನಗ ಹಂಗ ಅಂದಿದ್ದಿಲ್ಲ, ಮಾಲಾ. ಆಕೀಗೂ ನಿನಗೂ ನಾನ ಉಪ್ಪುಖಾರ ಹಚ್ಚಿ ಹೇಳಿದ್ನಿ," ಎಂದ.

ಮಾಲಾ ಕೈಯಲ್ಲಿದ್ದ ಕೊಡ ಕೆಳಗಿಟ್ಟಳು.

"ಭಾವಾರ, ನಿಮಗ ನಾಚಿಕಿ ಬ್ಯಾಡನು? ಇರುವಿ ಉಳಸ್ತೀರಿ, ಮನಿ ಮುರೀತೀರಿ?"

ಶುರುವಾದದ್ದು ನಿಲ್ಲಲಿಲ್ಲ. ಓಣಿಯ ಜನ ಹೊರಗೆ ಬಂದರು. ಹೀರಾ ಬಂದದ್ದು ಕಂಡು ಧರಣೇಂದ್ರನಿಗೆ ಒಂದು ಗಳಿಗೆ ಧೈರ್ಯ ಬಂತು. ಅವಳು ನೆಟ್ಟಗೆ ಹೋಗಿ ಮಾಲಾಳ ಪಕ್ಕ ನಿಂತು, ಮಾಲಾ ಮರೆತದ್ದನ್ನೆಲ್ಲ ನೆನಪು ಮಾಡಿಕೊಟ್ಟಳು. ಇರುವೆಗೂ ನೋವು ಮಾಡದವನ ಹೆಸರು ನಡುಬೀದಿಯಲ್ಲಿ ಹರಾಜಾಯಿತು. ಅವನು ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡ.

ಬೈದು ಬೈದು ಗಂಟಲು ಕಟ್ಟಿದ ಮೇಲೆ ಮಾಲಾ ಹೀರಾಳ ಕೈ ಹಿಡಿದಳು. ಇಬ್ಬರ ಕಣ್ಣಲ್ಲೂ ನೀರಿತ್ತು.

"ಒಳಗ ಬಾ ಅಕ್ಕಾ, ಚಾ ಇಡ್ತೇನಿ."

"ಮತ್ತ ಇವರು?"

"ಅಲ್ಲೇ ನಿಂದರ್ಲಿ. ಚಾ ಕುಡದು ಬರೂಣು, ಇನ್ನೂ ಮುಗದಿಲ್ಲ."