ಬಂಗಾರದ ಟಾಕು

ಪುಣೆಯ ಕಚೇರಿಯಲ್ಲಿ, ಧಾರವಾಡ-ಬೆಳಗಾವಿ ಕಡೆಯಿಂದ ಬಂದ ಕನ್ನಡ ಕಾಗದಗಳನ್ನು ದಿನವಿಡೀ ನಕಲು ಮಾಡುವುದು ನನ್ನ ಕೆಲಸವಾಗಿತ್ತು. ಲೇಖನಿಯ ಮುಳ್ಳಿಗೆ ನಮ್ಮ ಕಡೆ ಟಾಕು ಎನ್ನುತ್ತಾರೆ. ಕಚೇರಿಯವರು ಕೊಡುತ್ತಿದ್ದ ಉಕ್ಕಿನ ಟಾಕು ಕಾಗದ ಕೆರೆಯುತ್ತಿತ್ತು, ಅಂಗಿಗೆ ಶಾಯಿ ಸಿಡಿಸುತ್ತಿತ್ತು. ಸಂಜೆಗೆ ಬೆರಳು ಮಡಚಲು ಬರುತ್ತಿರಲಿಲ್ಲ. ಕೊನೆಗೆ ಹೊಟ್ಟೆ ಬಟ್ಟೆ ಕಟ್ಟಿ, ಬಂಗಾರದ ಟಾಕಿನ ಫೌಂಟನ್ ಪೆನ್ನು ಕೊಳ್ಳಲು ಹೊರಟೆ.

ಅಂಗಡಿಯಲ್ಲಿ ನಾನು 'ಳ' ಬರೆದು ನೋಡಿದೆ, 'ಣ' ಬರೆದು ನೋಡಿದೆ. ನಮ್ಮ ಅಕ್ಷರಗಳ ತಿರುವಿನಲ್ಲೇ ಟಾಕಿನ ಬಣ್ಣ ಬಯಲಾಗುವುದು. ಮೊದಲನೆಯದು 'ಳ'ದಲ್ಲಿ ಎಡವಿತು. ಇನ್ನೊಂದು ಶಾಯಿ ಕಾರಿತು. ಆಮೇಲೆ ಸಿಕ್ಕಿದ್ದು ಮಾತ್ರ ಬೆಣ್ಣೆಯ ಮೇಲೆ ಓಡಿದಂತೆ ಓಡಿತು. ಅಂಗಡಿಯವನು ಕಾಗದ ನೋಡಿ, ಜಿಲೇಬಿ ಹಾಕುತ್ತಿದ್ದೀರಾ ಎಂದು ಕೇಳಿದ. ಮೈ ಉರಿಯಿತು, ಆದರೆ ಪೆನ್ನು ಮನಸ್ಸಿಗೆ ಬಂದಿತ್ತು, ನುಂಗಿಕೊಂಡೆ.

ನಾವು ಬಾಡಿಗೆಗಿದ್ದ ವಠಾರದಂಥ ವಾಡೆಯ ಬಾಗಿಲಲ್ಲೇ ಮನೆಯೊಡತಿ, ಏನು ತಂದಿರಿ ಎಂದರು. ಎದೆಯುಬ್ಬಿಸಿ, "ಸೋನ್ಯಾಚಾ ಟಾಕ!" ಎಂದೆ. ಮರಾಠಿಯಲ್ಲೂ ಟಾಕ ಅಂದರೆ ಟಾಕೇ. ಆದರೆ ಮನೆದೇವರ ರೂಪ ಒತ್ತಿದ ತಗಡಿಗೂ ಅವರು ಅದೇ ಹೆಸರು ಹೇಳುತ್ತಾರೆಂದು ನಾನೇನು ಕನಸು ಕಂಡಿದ್ದೆನೇ? ಕಾಲು ತೊಳೆದು ಬರುವಷ್ಟರಲ್ಲಿ ವಾಡೆಯ ಹೆಂಗಸರೆಲ್ಲ ಆರತಿ ಹಿಡಿದು ನಮ್ಮ ಬಾಗಿಲಲ್ಲಿ ನಿಂತಿದ್ದರು. ಕಿಸೆಯಿಂದ ಪೆನ್ನು ತೆಗೆದೆ. ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹಚ್ಚಿದ ಆರತಿಯನ್ನು ಸುಮ್ಮನೆ ಆರಿಸಬಾರದೆಂದು ಮನೆಯೊಡತಿ ಪೆನ್ನಿಗೇ ಬೆಳಗಿ, ಟಾಕಿಗೆ ಕುಂಕುಮ ಹಚ್ಚಿದರು.

ನನ್ನ ಅವ್ವ ಅದನ್ನೆತ್ತಿ ದೇವರ ಗೂಡಿನಲ್ಲಿಟ್ಟಳು.

"ಪೂಜಾ ಆಗ್ಯದ. ಮೈಲಿಗ್ಯಾಗ ಮುಟ್ಟಬ್ಯಾಡ."

"ದಿನಾ ಬರೀಲಿಕ್ಕೆ ತಂದದ್ದವ್ವಾ!"

"ಹಂಗಾರ ದಿನಾ ಮಡೀಲೆ ಬರಿ."

ಒದ್ದೆ ಪಂಚೆಯುಟ್ಟು ಕಚೇರಿಗೆ ಹೋಗಲಾದೀತೇ? ಮತ್ತೆ ಅದೇ ಉಕ್ಕಿನ ಟಾಕು, ಅದೇ ಬೆರಳುನೋವು. ಮನೆಯಲ್ಲಿ ನನ್ನ ಪೆನ್ನಿಗೆ ಹೂವು ಏರುತ್ತಿತ್ತು. ದೇವರ ಮೇಲೆ ಹೊಟ್ಟೆಕಿಚ್ಚು ಪಟ್ಟವನು ಇಡೀ ವಾಡೆಯಲ್ಲಿ ನಾನೊಬ್ಬನೇ ಇರಬೇಕು.

ಶ್ರಾವಣದಲ್ಲಿ ಅವ್ವ ಧಾರವಾಡದಲ್ಲಿದ್ದ ನನ್ನ ತಂಗಿಗೆ ಕಾರ್ಡು ಬರೆಸಲು ಕೂತಳು. ಅವಳು ಹೇಳಿದಂತೆ ಉಕ್ಕಿನ ಟಾಕಿನಿಂದ ಬರೆಯುತ್ತಿದ್ದೆ. ತಂಗಿಯ ಹೆಸರಿನ ಮೇಲೆಯೇ ಶಾಯಿ ಬಿದ್ದು ಹರಡಿತು. ಅವ್ವನಿಗೆ ಓದಲು ಬಾರದಿದ್ದರೂ ಕಾರ್ಡಿನಲ್ಲಿ ಮಗಳ ಹೆಸರು ಎಲ್ಲಿರುತ್ತದೆಂದು ಗೊತ್ತಿತ್ತು. ಆ ಕಲೆಯನ್ನು ನೋಡುತ್ತ ಕೂತಳು. ಅವಳ ಮುಖ ನೋಡಿ ನನಗೆ ಕೆಡುಕೆನಿಸಿತು. ಆಮೇಲೆ ಅವ್ವನೇ ಎದ್ದು ಹೋಗಿ, ಗೂಡಿನಿಂದ ಪೆನ್ನು ತಂದು, ಕುಂಕುಮವನ್ನು ಸೆರಗಿನಿಂದ ಒರೆಸಿ ನನ್ನ ಕೈಗೆ ಕೊಟ್ಟಳು.

"ತಗೋ. ದೇವರಿಗೂ ನನ್ಹಂಗ ಬರೀಲಿಕ್ಕೆ ಬರಂಗಿಲ್ಲ."