ಅರ್ಧ ಒಣಗಿದ ಖಂಡ

ಒಣಖಂಡ ಮಾಡೂದ್ರಾಗ ನಮ್ಮತ್ತಿಯವ್ರದು ಎತ್ತಿದ ಕೈ. ಮಾಂಸಕ್ಕ ಉಪ್ಪು, ಅರಿಶಿಣ, ಖಾರ ಹಚ್ಚಿ, ಹುರಿಗೆ ಪೋಣಿಸಿ ಬಿಸಲಿಗೆ ಕಟ್ಟೋರು. "ಮುರದ್ರ ಚಟ್ಟನೆ ಮುರೀಬೇಕು. ಬಗ್ಗಿತಂದ್ರ ಡಬ್ಬಿಗೆ ಹಾಕಬ್ಯಾಡ, ಬೂಷ್ಟು ಹಿಡೀತೈತಿ," ಅಂತ ನನಗ ಹೇಳಿ ಹೇಳಿ ತಲಿ ತಿಂದಾರ.

ಆದ್ರ ಮಲ್ಕಾಜ್‌ಗಿರಿಯ ಬಾಡಿಗಿ ಮನ್ಯಾಗ ಒಣಗಿಸೂದಾದ್ರೂ ಎಲ್ಲಿ? ಕೆಳಗ ಮನಿ ಮಾಲಕಿ ಅಮ್ಮ, ತೆಲುಗಿನವ್ರು, ಮಡಿ ಮಂದಿ. ನಾವು ಮಾಂಸ ತಿಂತೀವಿ ಅಂತ ಬಾಯಿ ಬಿಡದನ ಮನಿ ಹಿಡದಿದ್ವಿ. ಅವ್ರು ಕುಷಾಯಿಗೂಡದ ಮಗಳ ಮನಿಗೆ ಹೋಗಿ ನಾಕೊಪ್ಪತ್ತು ಇದ್ದು ಬರೋರು. ಆವಾಗ ಮಾಳಿಗಿ ಮ್ಯಾಲ ನಮ್ಮದ ರಾಜ್ಯ.

ಒಂದ್ಸಲ ಅವ್ರು ಹೋದ ಮರುದಿನಾನ ಗೇಟು ಸಪ್ಪಳಾತು. ಮನ್ಯಾಗ ಫೋನಿಲ್ಲದ ಕಾಲ, ಬರ್ತಾರಂತ ಯಾರು ಹೇಳ್ಬೇಕು? ಕಳ್ಳನ ಮನಸ್ಸು ಹುಳ್ಳುಳ್ಳಗೆ. ಇಬ್ರೂ ಎದ್ದುಬಿದ್ದು ಮಾಳಿಗಿಗೆ ಓಡಿದ್ವಿ. ಇನ್ನೂ ಬಗ್ಗಾಕತ್ತಿದ್ದ ಖಂಡಾನ ಅತ್ತಿ ಬಿಸಿಬಿಸೀನ ಡಬ್ಬಿಗೆ ತುರುಕಿ ಮುಚ್ಚಳ ಜಡದ್ರು.

"ತೆಗದು ಮತ್ತ ಒಣಗಿಸ್ಬೇಕಲ್ರಿ?" ಅಂದೆ.

"ನಾಳೆ ಹಂಚಿನ ಮ್ಯಾಲ ಹುರದ್ರಾತು, ಸುಮ್ನಿರ."

ಆ ನಾಳೆ ಬರಲೇ ಇಲ್ಲ. ಮುಂದಿನ ಐತವಾರ ನನ್ನ ಸಣ್ಣ ಮಗಳು ಖಂಡ ಬೇಕಂತ ಹಟ ಹಿಡದ್ಲು. ಡಬ್ಬಿ ತೆಗದ್ರ ಬೆಳ್ಳಗ ಬೂಷ್ಟು. ಅತ್ತಿ ಕೆರದು, ತೊಳದು, ಎಣ್ಯಾಗ ಹುರದು ಕೊಟ್ರು. ನಾನೂ ಬಾಜೂಕ ನಿಂತು ನೋಡಿದೆ. ಎಂಥಾ ತಾಯಿ ನಾನು!

ಸಂಜಿಗೆ ಕೂಸಿಗೆ ವಾಂತಿ, ಭೇದಿ. ಕಣ್ಣು ಒಳಗ ಹೋದ್ವು. ಮಾಲಕಿ ಅಮ್ಮನ ಓಡಿ ಹೋಗಿ ಆಟೋ ತಂದ್ರು. ದವಾಖಾನ್ಯಾಗ ತಮ್ಮ ತೊಡಿ ಮ್ಯಾಲ ಮಲಗಿಸ್ಕೊಂಡ್ರು. ಮಡಿ ಸೀರಿ ತುಂಬ ವಾಂತಿ.

"ಏನು ತಿಂದಾಳ?" ಡಾಕ್ಟರು ಕೇಳಿದ್ರು.

"ಮೊಸರನ್ನ," ಅಂದ್ರು ಅತ್ತಿ, ಮಾಲಕಿ ಅಮ್ಮನ ಮಾರಿ ನೋಡ್ಕೋತ. ನಾನು ನೆಲ ನೋಡಿದೆ.

"ಖರೇ ಹೇಳ್ರಿ. ತಿಳೀದ ಯಾವ ಔಷಧ ಕೊಡ್ಲಿ?"

ಅತ್ತಿ ಕೂಸಿನ ಮಾರಿ ನೋಡಿದ್ರು. "ಸುಳ್ಳು ಹೇಳಿದೆ! ಒಣಮಾಂಸ ತಿನ್ನಿಸೀನಿ, ಬೂಷ್ಟು ಹಿಡದಿದ್ದು," ಅಂತ ಎಲ್ಲಾರಿಗೂ ಕೇಳೂಹಂಗ ತೆಲುಗಿನಾಗ ಚೀರಿದ್ರು.

ಮಾಲಕಿ ಅಮ್ಮ ಕೂಸಿನ್ನ ಕೆಳಗ ಇಳಿಸಲಿಲ್ಲ. ಸಲೈನ್ ಹಚ್ಚಿದ ಮ್ಯಾಲ, ಕೂಸಿನ ಕಾಲು ತಿಕ್ಕೋತ ಹೇಳಿದ್ರು: "ನೀವು ಬಂದ ಹೊಸದ್ರಾಗನ ವಾಸನಿ ಹತ್ತಿತ್ತಮ್ಮಾ. ಒಣಗಿಸ್ಕೊಳ್ಳಿ ಪಾಪ ಅಂತನ ಮಗಳ ಮನಿಗೆ ಹೋಗಿರತಿದ್ದೆ. ಆವತ್ತು ಜ್ವರ ಬಂದು ಲಗೂನ ಬಂದುಬಿಟ್ಟೆ. ನಂದ ತಪ್ಪು."

ಮಗಳು ಉಳಕೊಂಡ್ಲು. ಆದ್ರ ಆ ತಾಯಿ ಬಾಯಾಗ "ನಂದ ತಪ್ಪು" ಅನ್ನೂ ಮಾತು ಬಂತಲ್ಲ, ಅದನ್ನ ಕೇಳಿದ ನನ್ನ ಕಿವಿ ಸುಡಬೇಕಿತ್ತು.